ರೋಟರಿ ಹ್ಯಾಮರ್ ಡ್ರಿಲ್: ಬಿಟ್ ಕಚ್ಚಿಕೊಂಡಾಗ ಕೈ ತಿರುಚುವುದೇಕೆ, ಗೋಡೆ ಕೊರೆಯುವ ಮುನ್ನ ಏನೇನು ನೋಡಿಕೊಳ್ಳಬೇಕು

ಪ್ರಶ್ನೆ: ಹೊಸ ಮನೆಗೆ ಬಂದಿದ್ದೇವೆ. ಕರ್ಟನ್ ರಾಡ್, ಗೀಸರ್, ಅಡುಗೆಮನೆಯ ಶೆಲ್ಫುಗಳನ್ನು ನಾನೇ ಕೂರಿಸೋಣವೆಂದು 26 ಎಂಎಂ ರೋಟರಿ ಹ್ಯಾಮರ್ ಡ್ರಿಲ್ ಬಾಡಿಗೆಗೆ ತಂದೆ. ಕಿಟಕಿಯ ಮೇಲೆ ರಂಧ್ರ ಕೊರೆಯುತ್ತಿದ್ದಾಗ ಬಿಟ್ (ಕೊರೆಯುವ ಕಡ್ಡಿ) ಒಮ್ಮೆಲೇ ಕಚ್ಚಿಕೊಂಡು, ಇಡೀ ಮಷಿನ್ ತಿರುಗಿ ಬಲಗೈ ಮಣಿಕಟ್ಟು ತಿರುಚಿತು. ನಿನ್ನೆಯಿಂದ ಊತವಿದೆ. ಅಂಗಡಿಯವರು ಪಕ್ಕದ ಹಿಡಿಕೆಯನ್ನು ಕೊಟ್ಟಿರಲಿಲ್ಲ. ಅದು ಬೇಕೇಬೇಕೆ? ಸಾಧಾರಣ ಡ್ರಿಲ್ ಬಳಸಿ ಅಭ್ಯಾಸವಿದ್ದರೂ ಹೀಗಾಗಿದ್ದೇಕೆ? ಉಳಿದ ಕೆಲಸ ಮುಂದುವರಿಸಬಹುದೇ? ಹಾಲ್‌ನ ಚಾವಣಿಗೆ ಉಯ್ಯಾಲೆಯ ಕೊಕ್ಕೆ ಹಾಕುವ ಯೋಚನೆಯೂ ಇದೆ.

ಉತ್ತರ: ಮೊದಲು ಮಣಿಕಟ್ಟನ್ನು ವೈದ್ಯರಿಗೆ ತೋರಿಸಿ. ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋವಾಗುತ್ತಿದ್ದರೆ, ಅಥವಾ ಊತ ಇಳಿಯದಿದ್ದರೆ ಎಕ್ಸ್‌ರೇ ಅಗತ್ಯ. ಅಲ್ಲಿರುವ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ ಇರುವುದೂ ಉಂಟು. ಆದ್ದರಿಂದ ವೈದ್ಯರು ಹತ್ತು ಹದಿನೈದು ದಿನಗಳ ನಂತರ ಮತ್ತೆ ಬರಲು ಹೇಳಿದರೆ ತಪ್ಪಿಸಬೇಡಿ. ಕೈಯಲ್ಲಿ ಪೂರ್ಣ ಬಿಗಿ ಹಿಡಿತ ಮರಳುವವರೆಗೆ ಈ ಮಷಿನ್ ಮುಟ್ಟಬಾರದು. ಅದನ್ನು ಅಂಗಡಿಗೆ ಹಿಂದಿರುಗಿಸಿ. ಮತ್ತೆ ತರುವಾಗ ಪಕ್ಕದ ಹಿಡಿಕೆ ಇಲ್ಲದ ಮಷಿನ್ ಬೇಡವೆಂದೇ ಹೇಳಿ. ಅದು ಬೇಕಿದ್ದರೆ ಹಾಕಿಕೊಳ್ಳುವ ಬಿಡಿಭಾಗವಲ್ಲ, ಮಷಿನ್‌ನ ಅಂಗವೇ.

ನಡೆದಿರುವುದು ಹೀಗಿರಬೇಕು. ಕಿಟಕಿಯ ಮೇಲ್ಗಡೆ ಲಿಂಟಲ್ ಇರುತ್ತದೆ. ಗಿಲಾವು ಬಳಿದು ಪೇಂಟ್ ಮಾಡಿದ ಮೇಲೆ ಅದು ಉಳಿದ ಗೋಡೆಯಂತೆಯೇ ಕಂಡರೂ ಒಳಗಿರುವುದು ಕಂಬಿ ಕಟ್ಟಿದ ಕಾಂಕ್ರೀಟ್. ಕರ್ಟನ್ ರಾಡಿನ ಬ್ರಾಕೆಟ್ಟುಗಳು ಬಂದು ಕೂರುವುದು ಸರಿಯಾಗಿ ಅದೇ ಜಾಗದಲ್ಲಿ. ನಿಮ್ಮ ಬಿಟ್ ಕಂಬಿಯ ಅಂಚಿಗೆ ತಾಗಿ ಸಿಕ್ಕಿಕೊಂಡಿದೆ, ಮೋಟಾರು ಮಾತ್ರ ತಿರುಗುತ್ತಲೇ ಇತ್ತು. ಬಿಟ್ ತಿರುಗಲಾರದಾಗ ಮಷಿನ್‌ನ ಮೈ ಎದುರು ದಿಕ್ಕಿಗೆ ತಿರುಗಲೇಬೇಕು. ಈ ಗಾತ್ರದ ಮಷಿನ್ ನಿಮಿಷಕ್ಕೆ ಸುಮಾರು 900 ಸುತ್ತು, ಎಂದರೆ ಸೆಕೆಂಡಿಗೆ 15 ಸುತ್ತು ತಿರುಗುತ್ತದೆ. ಏನೋ ಆಯಿತೆಂದು ಅರಿವಾಗಿ ಸ್ವಿಚ್ಚಿನಿಂದ ಬೆರಳು ಸಡಿಲಿಸಲು ಚುರುಕಾದ ಮನುಷ್ಯನಿಗೂ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಷ್ಟರೊಳಗೆ ಮೂರು ಸುತ್ತು ತಿರುಗುವಷ್ಟು ಚಲನೆ ಮಷಿನ್‌ನಲ್ಲಿ ಉಳಿದಿರುತ್ತದೆ. ಆದ್ದರಿಂದ ಬಿಟ್ ಕಚ್ಚಿಕೊಂಡ ಮೇಲೆ ಹುಷಾರಾಗುತ್ತೇನೆ ಎಂಬುದು ಸಾಧ್ಯವೇ ಇಲ್ಲದ ಮಾತು. ಪ್ರತಿ ರಂಧ್ರವನ್ನೂ ಈಗ ಕಚ್ಚಿಕೊಳ್ಳಬಹುದು ಎಂದುಕೊಂಡೇ ಆರಂಭಿಸಬೇಕು.

ಒಳ್ಳೆಯ ಮಷಿನ್‌ಗಳಲ್ಲಿ ಇದಕ್ಕಾಗಿಯೇ ಸೇಫ್ಟಿ ಕ್ಲಚ್ ಇರುತ್ತದೆ. ಬಲ ಒಂದು ಮಿತಿ ದಾಟಿದೊಡನೆ ಅದು ಕರಕರ ಸದ್ದು ಮಾಡಿ ಜಾರಿ, ಮೋಟಾರಿನ ಶಕ್ತಿ ಬಿಟ್‌ಗೆ ತಲುಪದಂತೆ ತಡೆಯುತ್ತದೆ. ಆದರೆ ಆ ಮಿತಿಯನ್ನು ನಿಗದಿಪಡಿಸಿರುವುದು ಎರಡೂ ಕೈಗಳಲ್ಲಿ ಹಿಡಿದವರಿಗಾಗಿ. ಒಂದೇ ಕೈಯಲ್ಲಿ ಹಿಡಿದವರ ಮಣಿಕಟ್ಟು ಕ್ಲಚ್ ಜಾರುವುದಕ್ಕೆ ಮೊದಲೇ ಸೋತುಬಿಡುತ್ತದೆ. ಅಲ್ಲದೆ ಬಾಡಿಗೆಗೆ ತಿರುಗಿ ತಿರುಗಿ ಸವೆದ ಮಷಿನ್‌ನಲ್ಲಿ ಕ್ಲಚ್ ಯಾವ ಸ್ಥಿತಿಯಲ್ಲಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ.

ಸಾಧಾರಣ ಡ್ರಿಲ್‌ನ ಅಭ್ಯಾಸ ನಿಮಗೆ ಇಲ್ಲಿ ಸಹಾಯ ಮಾಡುವ ಬದಲು ತೊಂದರೆಯನ್ನೇ ಕೊಟ್ಟಿರಬಹುದು. ಸಾಧಾರಣವಾಗಿ ಮನೆಗಳಲ್ಲಿ ಬಳಸುವ ಇಂಪ್ಯಾಕ್ಟ್ ಡ್ರಿಲ್‌ನಲ್ಲಿ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಪೆಟ್ಟು ಹುಟ್ಟಿಸುತ್ತವೆ, ಹಾಗಾಗಿ ಹಿಂದಿನಿಂದ ಮೈಭಾರ ಹಾಕಿ ಒತ್ತಿದಷ್ಟೂ ಕೆಲಸ ಸಾಗುತ್ತದೆ. ರೋಟರಿ ಹ್ಯಾಮರ್‌ನ ಒಳಗೆ ಪಿಸ್ಟನ್ ಒಂದು ಹಿಂದೆ ಮುಂದೆ ಓಡಾಡಿ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಲೋಹದ ತುಂಡೊಂದನ್ನು ಚಿಮ್ಮಿಸುತ್ತದೆ. ಅದು ಬಿಟ್‌ನ ಹಿಂಬದಿಗೆ ನಿಮಿಷಕ್ಕೆ ಸುಮಾರು 4,000 ಬಾರಿ ಬಡಿಯುತ್ತದೆ. ಪೆಟ್ಟಿನ ಬಲ ಮಷಿನ್‌ನಿಂದಲೇ ಬರುವುದರಿಂದ, ಬಿಟ್ ಗೋಡೆಯಿಂದ ಪುಟಿಯದಂತೆ ತುಸು ಒತ್ತಿ ಹಿಡಿದರೆ ಸಾಕು. ಮೈಭಾರ ಹಾಕಿದರೆ ಪೆಟ್ಟು ಹೆಚ್ಚುವುದಿಲ್ಲ, ಬಿಟ್ ಮಾತ್ರ ಬಿಸಿಯಾಗುತ್ತದೆ. ಮೇಲಾಗಿ, ಕಚ್ಚಿಕೊಂಡಾಗ ಅಥವಾ ಗೋಡೆ ತೂತಾಗಿ ಆಚೆ ಹೋದಾಗ ಮೈಯ ಸಮತೋಲ ತಪ್ಪುತ್ತದೆ.

ಹಿಡಿಯುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಲಗೈ ಹಿಂದಿನ ಹಿಡಿಕೆಯಲ್ಲಿ, ಎಡಗೈ ಪಕ್ಕದ ಹಿಡಿಕೆಯಲ್ಲಿರಲಿ. ನಿಂತವರ ಕಡೆಯಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ; ಕಚ್ಚಿಕೊಂಡರೆ ಮೈ ಅದಕ್ಕೆ ವಿರುದ್ಧವಾಗಿ ತಿರುಗುತ್ತದೆ. ಆಗ ಎಡಕ್ಕೆ ಚಾಚಿರುವ ಪಕ್ಕದ ಹಿಡಿಕೆ ಕೆಳಕ್ಕೆ ಎಳೆಯುತ್ತದೆ. ಎಡ ಮೊಣಕೈಯನ್ನು ತುಸು ಮಡಚಿ, ಆ ಎಳೆತವನ್ನು ತಡೆಯಲು ಭುಜ ಸಿದ್ಧವಾಗಿರುವಂತೆ ನಿಲ್ಲಿ. ಪಕ್ಕದ ಹಿಡಿಕೆಯು ಬಿಟ್ ತಿರುಗುವ ಅಕ್ಷದಿಂದ ಒಂದು ಗೇಣಿನಷ್ಟು ದೂರ ಇರುವುದರಿಂದಲೇ ಕಡಿಮೆ ಬಲದಲ್ಲಿ ತಡೆಯಲು ಸಾಧ್ಯವಾಗುತ್ತದೆ. ಕಾಲುಗಳು ಭುಜದಷ್ಟು ಅಗಲಕ್ಕಿರಲಿ, ಒಂದು ಕಾಲು ತುಸು ಹಿಂದಿರಲಿ. ಗೋಡೆಯ ಮೂಲೆಯಲ್ಲಿ ಕೊರೆಯುವಾಗ, ಮಷಿನ್ ತಿರುಗಿದರೆ ಹಿಡಿಕೆಗೂ ಪಕ್ಕದ ಗೋಡೆಗೂ ನಡುವೆ ಬೆರಳು ಜಜ್ಜಿಹೋಗುವಂತಿದ್ದರೆ, ಹಿಡಿಕೆಯ ತಿರುಪನ್ನು ಸಡಿಲಿಸಿ ಅದನ್ನು ಬೇರೆ ಕೋನಕ್ಕೆ ತಿರುಗಿಸಿ ಬಿಗಿ ಮಾಡಿಕೊಳ್ಳಿ. ಸ್ವಿಚ್ಚನ್ನು ಒತ್ತಿದಂತೆಯೇ ನಿಲ್ಲಿಸುವ ಲಾಕ್ ಬಟನ್ ಅನ್ನು ರಂಧ್ರ ಕೊರೆಯುವಾಗ ಯಾವ ಕಾರಣಕ್ಕೂ ಬಳಸಬೇಡಿ. ಕೈ ಜಾರಿದರೂ ತಿರುಗುತ್ತಲೇ ಇರುವ ಮಷಿನ್‌ನಷ್ಟು ಅಪಾಯಕಾರಿ ಇನ್ನೊಂದಿಲ್ಲ. ಲಾಕ್ ಆಗಿದ್ದಾಗ ಕರೆಂಟ್ ಹೋದರೆ, ಮತ್ತೆ ಬಂದ ಕ್ಷಣವೇ ನೆಲದ ಮೇಲಿಟ್ಟ ಮಷಿನ್ ತಾನಾಗಿ ಓಡತೊಡಗುತ್ತದೆ. ಕರೆಂಟ್ ಹೋದೊಡನೆ ಪ್ಲಗ್ ಕಿತ್ತಿಡುವುದನ್ನು ರೂಢಿ ಮಾಡಿಕೊಳ್ಳಿ.

ಬಿಟ್ ಹಾಕುವ ಮೊದಲು ಅದರ ಬುಡವನ್ನು ಬಟ್ಟೆಯಲ್ಲಿ ಒರೆಸಿ, ಚಿಟಿಕೆಯಷ್ಟು ಗ್ರೀಸ್ ಹಚ್ಚಿ, ಬಿಟ್ ಹಿಡಿಯುವ ಬಾಯಾದ ಚಕ್‌ನ ಕಾಲರ್ ಎಂಬ ಬಳೆಯನ್ನು ಹಿಂದಕ್ಕೆ ಎಳೆದು ಒಳಗೆ ಕೂರಿಸಿ, ನಂತರ ಹೊರಕ್ಕೆ ಎಳೆದು ನೋಡಿ. ಈ ಮಷಿನ್‌ಗೆ ಹಾಕುವ ಎಸ್‌ಡಿಎಸ್ ಬಗೆಯ ಬಿಟ್ ಒಳಗೆ ಹಿಂದೆ ಮುಂದೆ ತುಸು ಆಡುವುದು ಸಹಜ, ಪೆಟ್ಟು ಬೀಳಬೇಕಾದರೆ ಅದು ಆಡಲೇಬೇಕು. ಆದರೆ ಎಳೆದಾಗ ಹೊರಗೆ ಬರಬಾರದು. ಕೊರೆದು ಮುಗಿದ ಬಿಟ್ ಚರ್ಮ ಸುಡುವಷ್ಟು ಬಿಸಿಯಾಗಿರುತ್ತದೆ, ಬರಿಗೈಯಲ್ಲಿ ತೆಗೆಯಬೇಡಿ. ಬರಿ ತಿರುಗುವಿಕೆ, ತಿರುಗುತ್ತಾ ಪೆಟ್ಟು, ಬರಿ ಪೆಟ್ಟು ಎಂಬ ಮೂರು ಮೋಡ್‌ಗಳ ಗುಂಡಿಯನ್ನು ಮಷಿನ್ ಪೂರ್ತಿ ನಿಂತ ಮೇಲೆಯೇ ತಿರುಗಿಸಬೇಕು.

ಕಂಬಿ ಸಿಕ್ಕಿತೆಂದು ತಿಳಿಯುವುದು ಕಷ್ಟವಲ್ಲ. ಒಂದೇ ಹದದಲ್ಲಿ ಒಳಹೋಗುತ್ತಿದ್ದ ಬಿಟ್ ನಿಂತುಬಿಡುತ್ತದೆ, ಮೊದಲಿದ್ದ ಮಂದ ಸದ್ದು ಲೋಹದ ಟಣಟಣ ಸದ್ದಾಗುತ್ತದೆ, ಕೈಗೆ ಪುಟಿತ ಹೆಚ್ಚಾಗಿ ಗೊತ್ತಾಗುತ್ತದೆ, ಬೂದು ಪುಡಿಯ ಬದಲು ಹೊಳೆಯುವ ಕಬ್ಬಿಣದ ಚೂರುಗಳು ಬರುತ್ತವೆ. ಆಗ ಇನ್ನಷ್ಟು ಒತ್ತುವುದೇ ಎಲ್ಲರೂ ಮಾಡುವ ಕೆಲಸ, ಅದೇ ತಪ್ಪು. ನಿಲ್ಲಿಸಿ, ಬಿಟ್ ಹೊರತೆಗೆದು, ಎರಡು ಮೂರು ಸೆಂಟಿಮೀಟರ್ ಪಕ್ಕಕ್ಕೆ ಹೊಸ ರಂಧ್ರ ಮಾಡಿ. ಬಿಟ್ ಕಚ್ಚಿಕೊಂಡೇ ಬಿಟ್ಟಿದ್ದರೆ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಿ ಬಿಡಿಸಲು ಹೋಗಬೇಡಿ. ಪ್ಲಗ್ ತೆಗೆದು, ಕಾಲರ್ ಎಳೆದು ಮಷಿನ್ ಅನ್ನು ಬಿಟ್‌ನಿಂದ ಬೇರ್ಪಡಿಸಿ, ಉಳಿದ ಬಿಟ್ಟನ್ನು ಪೈಪ್ ರೆಂಚ್‌ನಿಂದ ಹಿಂದಕ್ಕೆ ತಿರುಗಿಸಿ ತೆಗೆಯಿರಿ. ತುದಿಯಲ್ಲಿ ಎರಡು ಕಾರ್ಬೈಡ್ ಅಂಚುಗಳಿರುವ ಬಿಟ್‌ಗಿಂತ ನಾಲ್ಕು ಅಂಚುಗಳಿರುವುದು ಕಂಬಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಬೆಲೆ ಹೆಚ್ಚಾದರೂ ಲಿಂಟಲ್ ಕೆಲಸಕ್ಕೆ ಅದನ್ನೇ ಕೊಳ್ಳಿ ಎನ್ನುತ್ತೇನೆ. ಪಿಲ್ಲರ್ ಮತ್ತು ಬೀಮ್‌ಗಳ ಕಂಬಿಯನ್ನು ಮಾತ್ರ ಯಾವ ಬಿಟ್‌ನಿಂದಲೂ ಕತ್ತರಿಸುವ ಪ್ರಯತ್ನ ಬೇಡ, ಮನೆಯ ಭಾರವನ್ನು ಹೊತ್ತಿರುವುದು ಅವೇ.

ಕಂಬಿಗಿಂತ ದೊಡ್ಡ ಅಪಾಯ ಗೋಡೆಯೊಳಗಿನ ವೈರು. ನಮ್ಮ ಮನೆಗಳಲ್ಲಿ ಕನ್ಸೀಲ್ಡ್ ವೈರಿಂಗ್‌ನ ಪೈಪುಗಳು ಹೆಚ್ಚಾಗಿ ಚಾವಣಿಯ ಕಾಂಕ್ರೀಟಿನಿಂದ ಸ್ವಿಚ್ ಬೋರ್ಡಿಗೆ ನೇರವಾಗಿ ಇಳಿದಿರುತ್ತವೆ. ಕೆಳಗಿನ ಪ್ಲಗ್ ಪಾಯಿಂಟಿಗೆ ಅಲ್ಲಿಂದ ಮತ್ತೆ ಇಳಿಯುತ್ತವೆ ಅಥವಾ ಅಡ್ಡ ಹೋಗುತ್ತವೆ. ಆದ್ದರಿಂದ ಪ್ರತಿ ಬೋರ್ಡ್, ಎಸಿ ಪಾಯಿಂಟ್ ಮತ್ತು ಗೀಸರ್ ಪಾಯಿಂಟಿನ ಮೇಲೂ ಕೆಳಗೂ ಅಕ್ಕಪಕ್ಕದಲ್ಲೂ ಒಂದು ಗೇಣು ಅಗಲದ ಪಟ್ಟಿಯನ್ನು ಕೊರೆಯಬಾರದ ಜಾಗವೆಂದು ತಿಳಿಯಿರಿ. ಆದರೆ ಎಲೆಕ್ಟ್ರಿಷಿಯನ್‌ಗಳು ಪೈಪು ಉಳಿಸಲು ಓರೆಯಾಗಿ ಒಯ್ದಿರುವ ಗೋಡೆಗಳೂ ಇವೆ. ಮನೆ ಹೊಸದಾದ್ದರಿಂದ ಗಿಲಾವಿಗೆ ಮುಂಚೆ ಯಾರಾದರೂ ಫೋಟೋ ತೆಗೆದಿದ್ದಾರೆಯೇ ಎಂದು ಕಂಟ್ರಾಕ್ಟರ್ ಅವರನ್ನು ವಿಚಾರಿಸಿ, ಅಂಥ ಫೋಟೋ ಯಾವ ಡಿಟೆಕ್ಟರ್‌ಗಿಂತಲೂ ನಂಬಿಕೆಗೆ ಅರ್ಹ. ವೈರ್ ಹುಡುಕುವ ಡಿಟೆಕ್ಟರ್ ಉಪಯುಕ್ತವೇ ಹೌದು. ಆದರೆ ಆಳದಲ್ಲಿರುವುದು, ಒದ್ದೆ ಗೋಡೆಯೊಳಗಿರುವುದು ಅದಕ್ಕೆ ಸಿಗದೆ ಹೋಗಬಹುದು, ಪ್ಲಾಸ್ಟಿಕ್ ನೀರಿನ ಪೈಪು ಕೆಲವು ಡಿಟೆಕ್ಟರ್‌ಗಳಿಗೆ ಕಾಣುವುದೇ ಇಲ್ಲ.

ಅದಕ್ಕೇ ಆ ಕೋಣೆಯ ಎಂಸಿಬಿ (ಮೇನ್ ಬೋರ್ಡಿನಲ್ಲಿರುವ ಸುರಕ್ಷಾ ಸ್ವಿಚ್) ಆಫ್ ಮಾಡಿ, ಮಷಿನ್‌ಗೆ ಕರೆಂಟನ್ನು ಬೇರೆ ಸರ್ಕ್ಯೂಟಿನ ಪಾಯಿಂಟಿನಿಂದ ಎಳೆದುಕೊಳ್ಳುವುದು ಸರಿಯಾದ ಕ್ರಮ. ಇಲ್ಲಿ ಬಹಳ ಜನ ಮರೆಯುವುದೊಂದಿದೆ: ಯುಪಿಎಸ್ ಅಥವಾ ಇನ್ವರ್ಟರ್ ಇರುವ ಮನೆಯಲ್ಲಿ ಎಂಸಿಬಿ ಆಫ್ ಮಾಡಿದರೂ, ಮೇನ್ ಸ್ವಿಚ್ಚನ್ನೇ ಆಫ್ ಮಾಡಿದರೂ, ಲೈಟು ಫ್ಯಾನುಗಳ ವೈರಿನಲ್ಲಿ 230 ವೋಲ್ಟ್ ಹರಿಯುತ್ತಲೇ ಇರುತ್ತದೆ. ಮೇನ್ ಆಫ್ ಆದ ಕೂಡಲೇ ಕರೆಂಟ್ ಕೊಡುವುದೇ ಇನ್ವರ್ಟರ್‌ನ ಕೆಲಸ. ಹಾಗಾಗಿ ಅದನ್ನೂ ಆಫ್ ಮಾಡಿ, ಆ ಕೋಣೆಯ ಲೈಟು ಮತ್ತು ಫ್ಯಾನಿನ ಸ್ವಿಚ್ ಹಾಕಿ ನೋಡಿ, ಪ್ಲಗ್ ಪಾಯಿಂಟುಗಳಲ್ಲಿ ಟೆಸ್ಟರ್ ಇಟ್ಟು ನೋಡಿ, ಏನೂ ಉರಿಯದಿದ್ದ ಮೇಲೆ ಕೆಲಸ ಶುರು ಮಾಡಿ.

ಮಷಿನ್‌ನ ಮೈಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಶನ್ ಇರುವ ಮಷಿನ್, ಅದಕ್ಕೆ ಅರ್ತ್ ವೈರ್ ಇಲ್ಲದ ಎರಡು ಪಿನ್ನಿನ ಪ್ಲಗ್ ಇರುವುದು ಸರಿಯೇ. ಆದರೆ ಆ ಇನ್ಸುಲೇಶನ್ ಕಾಪಾಡುವುದು ಮಷಿನ್ ಒಳಗಿನ ದೋಷದಿಂದ ಮಾತ್ರ. ಗೋಡೆಯೊಳಗಿನ ವೈರಿಗೆ ಬಿಟ್ ತಾಗಿದರೆ ಚಕ್ ಮತ್ತು ಮುಂಭಾಗದ ಲೋಹಕ್ಕೆ ಕರೆಂಟ್ ಬರುತ್ತದೆ. ಪಕ್ಕದ ಹಿಡಿಕೆ ಇಲ್ಲದವರು ಎಡಗೈಯಲ್ಲಿ ಹಿಡಿಯುವುದು ಸಾಮಾನ್ಯವಾಗಿ ಆ ಮುಂಭಾಗವನ್ನೇ. ಹಿಡಿಕೆ ಬೇಕೇಬೇಕೆ ಎಂಬ ನಿಮ್ಮ ಪ್ರಶ್ನೆಗೆ ತಿರುಚುವಿಕೆಯ ಜೊತೆಗೆ ಇದೂ ಒಂದು ಉತ್ತರ. ಮನೆಯ ಬೋರ್ಡಿನಲ್ಲಿ ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ನೋಡಿ, ಅದರ ಟೆಸ್ಟ್ ಬಟನ್ ಒತ್ತಿದಾಗ ಟ್ರಿಪ್ ಆಗಬೇಕು. ಇನ್ವರ್ಟರ್‌ನಿಂದ ಹೊರಡುವ ಲೈನಿಗೆ ಈ ರಕ್ಷಣೆ ಅನೇಕ ಮನೆಗಳಲ್ಲಿ ಇರುವುದಿಲ್ಲ.

ಕಟ್ಟಡ ಕೆಲಸದ ಜಾಗದಲ್ಲಿ ಪ್ಲಗ್ ಮುರಿದ ಮಷಿನ್‌ನ ವೈರಿನ ತುದಿ ಸುಲಿದು, ಸಾಕೆಟ್ಟಿನ ತೂತುಗಳಿಗೆ ತುರುಕಿ, ಬೀಳದಂತೆ ಬೆಂಕಿಕಡ್ಡಿ ಸಿಕ್ಕಿಸುವುದನ್ನು ನೀವೂ ಕಂಡಿರಬಹುದು. ಒಂದು ಎಳೆತಕ್ಕೆ ಆ ವೈರು ಹೊರಬಂದು ನೆಲದ ಮೇಲೆ ಬೀಳುತ್ತದೆ, ನೆಲ ಒದ್ದೆಯಾಗಿದ್ದರೆ ಒಂದು ಜೀವ ಹೋಗುತ್ತದೆ. ಇದನ್ನು ಮಾಡುವವರನ್ನು ಕಂಡರೆ ದಯವಿಟ್ಟು ತಡೆಯಿರಿ, ಹೊಸ ಪ್ಲಗ್ಗಿಗೆ ಆಗುವ ಖರ್ಚು ತೀರಾ ಸಣ್ಣದು. ಎಕ್ಸ್‌ಟೆನ್ಶನ್ ಬೋರ್ಡಿನ ವೈರ್ 1.5 ಚದರ ಎಂಎಂ ದಪ್ಪವಿರಲಿ. ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ, ಸುತ್ತಿದಂತೆಯೇ ಬಳಸಿದರೆ ಒಳಗೆ ಬಿಸಿ ಸೇರಿ ಇನ್ಸುಲೇಶನ್ ಕರಗುತ್ತದೆ. 800 ವಾಟ್‌ನ ಮಷಿನ್ ಸುಮಾರು 3.5 ಆಂಪಿಯರ್ ಎಳೆಯುವುದರಿಂದ 6 ಆಂಪಿಯರ್‌ನ ಪಾಯಿಂಟ್ ಸಾಕಾಗುತ್ತದೆ.

ಗೀಸರಿಗೆ ರಂಧ್ರ ಮಾಡುವಾಗ ನೀರಿನ ಪೈಪಿನ ಲೆಕ್ಕವನ್ನೂ ಹಾಕಿ. ಬಿಸಿ ಮತ್ತು ತಣ್ಣೀರಿನ ಪೈಪುಗಳು ಕೆಳಗಿನ ಮಿಕ್ಸರ್ ನಲ್ಲಿಯಿಂದ ಗೀಸರ್ ಪಾಯಿಂಟಿಗೆ ಏರಿ ಬರುತ್ತವೆ, ಆದರೆ ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪು ಅದೇ ಗೋಡೆಯಲ್ಲಿದ್ದರೆ ಬೋಲ್ಟ್ ಬರುವ ಜಾಗದಲ್ಲೇ ಹಾದುಹೋಗಿರಬಹುದು. ಟೈಲ್ಸ್ ಮೇಲೆ ಪೆಟ್ಟಿನ ಮೋಡ್ ಬೇಡ. ಟೈಲ್ಸ್ ಬಿಟ್‌ನಿಂದ, ಬರಿ ತಿರುಗುವ ಮೋಡಿನಲ್ಲಿ ಟೈಲ್ಸ್ ದಾಟಿ, ನಂತರ ಹ್ಯಾಮರ್ ಮೋಡಿಗೆ ಬನ್ನಿ. ಪೊಳ್ಳು ಇಟ್ಟಿಗೆ ಮತ್ತು ಹಗುರವಾದ ಎಎಸಿ ಬ್ಲಾಕಿನ ಗೋಡೆಗೆ ಹ್ಯಾಮರ್ ಮೋಡ್ ಬಳಸಿದರೆ ರಂಧ್ರ ಅಗಲವಾಗಿ ಬೋಲ್ಟ್ ನಿಲ್ಲುವುದಿಲ್ಲ. ತುಂಬಿದ ಗೀಸರ್ ಅಂಥ ರಂಧ್ರಕ್ಕೆ ತೂಗಿದರೆ ಒಂದು ದಿನ ಕೆಳಗೆ ಬೀಳುತ್ತದೆ. ನಾಲ್ಕಿಂಚಿನ ಗೋಡೆಯಾದರೆ ರಂಧ್ರದ ಆಳವನ್ನು ಮಿತಿಯಲ್ಲಿಡುವ ಡೆಪ್ತ್ ಗೇಜ್ ಕಡ್ಡಿಯನ್ನು ಅಳತೆಗೆ ಕೂರಿಸಿ, ಗೋಡೆಯ ಆಚೆ ಬದಿಯಲ್ಲಿ ಯಾರೂ ಇಲ್ಲದಂತೆ ನೋಡಿಕೊಳ್ಳಿ.

ಇನ್ನು ಧೂಳು. ಮಣಿಕಟ್ಟು ತಿರುಚಿದರೆ ಆ ಕ್ಷಣವೇ ಗೊತ್ತಾಗುತ್ತದೆ, ಧೂಳಿನ ಹಾನಿ ಗೊತ್ತಾಗುವುದು ವರ್ಷಗಳಾದ ಮೇಲೆ. ಕಾಂಕ್ರೀಟ್, ಗ್ರಾನೈಟ್, ಇಟ್ಟಿಗೆ, ಗಾರೆ ಎಲ್ಲದರಲ್ಲೂ ಸಿಲಿಕಾ ಇದೆ. ಅದರ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಗಾಯದ ಕಲೆಗಳನ್ನು ಉಳಿಸುತ್ತವೆ. ಹೀಗೆ ಬರುವ ಸಿಲಿಕೋಸಿಸ್ ರೋಗವನ್ನು ವಾಸಿಮಾಡುವ ಔಷಧವಿಲ್ಲ, ಕ್ಷಯ ಮತ್ತು ಶ್ವಾಸಕೋಶದ ಕ್ಯಾನ್ಸರ್‌ನ ಸಾಧ್ಯತೆಯನ್ನೂ ಅದು ಹೆಚ್ಚಿಸುತ್ತದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆದ ಕಾರ್ಮಿಕರನ್ನು ಕಾಡಿದ್ದು ಇದೇ ರೋಗ. ಅಮೆರಿಕದಲ್ಲಿ 2016ರ ನಿಯಮದ ಪ್ರಕಾರ ಎಂಟು ಗಂಟೆಯ ಪಾಳಿಯಲ್ಲಿ ಕಾರ್ಮಿಕರು ಉಸಿರಾಡುವ ಗಾಳಿಯಲ್ಲಿ ಸರಾಸರಿ, ಘನಮೀಟರಿಗೆ 50 ಮೈಕ್ರೋಗ್ರಾಂಗಿಂತ ಹೆಚ್ಚು ಸಿಲಿಕಾ ಇರಬಾರದು. ಕಾಂಕ್ರೀಟಿನಲ್ಲಿ 10 ಎಂಎಂ ಅಗಲ, 60 ಎಂಎಂ ಆಳದ ಒಂದೇ ರಂಧ್ರದಿಂದ ಹೊರಬರುವ ಪುಡಿ ಸುಮಾರು 11 ಗ್ರಾಂ, ಅಂದರೆ ಒಂದು ಕೋಟಿ ಹತ್ತು ಲಕ್ಷ ಮೈಕ್ರೋಗ್ರಾಂ. ಅದೆಲ್ಲವೂ ಸಿಲಿಕಾ ಅಲ್ಲ, ಬಹುಪಾಲು ಗಾಳಿಯಲ್ಲಿ ತೇಲದೆ ಕೆಳಗೆ ಬೀಳುತ್ತದೆ ಎಂಬುದು ನಿಜ. ಆದರೂ ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಮಿತಿ ದಾಟಲು ಅದರ ಅತ್ಯಲ್ಪ ಪಾಲು ಸಾಕು.

ಮನೆಯಲ್ಲಿ ಹತ್ತಾರು ರಂಧ್ರ ಮಾಡುವುದರಿಂದ ನಿಮಗೆ ಸಿಲಿಕೋಸಿಸ್ ಬರುತ್ತದೆಂದು ಹೆದರಿಸುತ್ತಿಲ್ಲ. ದಿನವಿಡೀ ಇದೇ ಕೆಲಸ ಮಾಡುವ, ಮೂಗಿಗೆ ಒಂದು ಟವೆಲ್ ಸುತ್ತಿಕೊಂಡ ಹುಡುಗರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನೀವು ಯಾರನ್ನಾದರೂ ಕೂಲಿಗೆ ಕರೆದರೆ ಮಾಸ್ಕನ್ನು ನೀವೇ ಕೊಡಿ. ಟವೆಲ್ಲಿಗೂ ಬಟ್ಟೆಯ ಮಾಸ್ಕಿಗೂ ಈ ಕಣಗಳನ್ನು ತಡೆಯುವ ಶಕ್ತಿಯಿಲ್ಲ. ಎನ್95 ಮಾಸ್ಕ್ ಮುಖಕ್ಕೆ ಸಂದಿಲ್ಲದೆ ಕೂರಬೇಕು. ದಟ್ಟ ಗಡ್ಡವಿದ್ದರೆ ಅಂಚಿನಿಂದ ಗಾಳಿ ನುಗ್ಗುತ್ತದೆ. ಒಬ್ಬರು ಕೊರೆಯುವಾಗ ಇನ್ನೊಬ್ಬರು ರಂಧ್ರದ ಕೆಳಗೇ ವ್ಯಾಕ್ಯೂಮ್ ಕ್ಲೀನರಿನ ಮೂತಿ ಹಿಡಿದರೆ ಧೂಳು ಹರಡುವುದು ಬಹಳ ಕಡಿಮೆಯಾಗುತ್ತದೆ, ಆದರೆ ಹೆಪಾ ಫಿಲ್ಟರ್ ಇಲ್ಲದ ಕ್ಲೀನರ್ ಸೂಕ್ಷ್ಮ ಕಣಗಳನ್ನು ಹಿಂದಿನಿಂದ ಮತ್ತೆ ಕೋಣೆಗೇ ಊದುತ್ತದೆ. ರಂಧ್ರದ ಪುಡಿಯನ್ನು ಬಾಯಿಂದ ಊದಬೇಡಿ, ನೆಲವನ್ನು ಪೊರಕೆಯಿಂದ ಗುಡಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ. ಮಕ್ಕಳು ಆ ಕೋಣೆಯಲ್ಲಿ ಇರಬಾರದು.

ಕಣ್ಣಿಗೆ ಪಕ್ಕಗಳೂ ಮುಚ್ಚಿರುವ ಕನ್ನಡಕ, ಕಾಲಿಗೆ ಚಪ್ಪಲಿಯ ಬದಲು ಶೂ ಬೇಕು. ಸಡಿಲವಾದ ನೂಲಿನ ಕೈಗವಸು, ಲುಂಗಿ, ದುಪಟ್ಟಾ, ಸೆರಗು, ಕತ್ತಿನ ಸರ, ಕಟ್ಟದ ಕೂದಲು ಇವು ತಿರುಗುವ ಬಿಟ್‌ಗೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಮಷಿನ್‌ನ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್ ದಾಟುವುದರಿಂದ ಕಿವಿಗೆ ಇಯರ್‌ಪ್ಲಗ್ ಹಾಕಿ. ಕಂಪನದ ವಿಷಯದಲ್ಲಿ ಯುರೋಪಿನ ನಿಯಮವೇ ಒಳ್ಳೆಯ ಅಳತೆಗೋಲು: ಈ ಬಗೆಯ ಮಷಿನ್‌ನ ಕಂಪನ ಸೆಕೆಂಡಿನ ವರ್ಗಕ್ಕೆ 14 ಮೀಟರ್ ಇದ್ದರೆ, ಒಬ್ಬರು ದಿನಕ್ಕೆ ಒಟ್ಟು ಸುಮಾರು ಒಂದು ಗಂಟೆಗಿಂತ ಹೆಚ್ಚು ಹೊತ್ತು ಅದನ್ನು ಓಡಿಸಬಾರದು, ಕಾಲು ಗಂಟೆ ದಾಟುತ್ತಲೇ ಕಂಪನ ತಗ್ಗಿಸುವ ಕ್ರಮ ಕೈಗೊಳ್ಳಬೇಕು. ಬೆರಳುಗಳು ಜುಮುಗುಟ್ಟಿದರೆ, ಬಿಳಿಚಿದರೆ ಅಂದಿಗೆ ಕೆಲಸ ನಿಲ್ಲಿಸಿ.

ಕೊನೆಯದಾಗಿ ಉಯ್ಯಾಲೆ. ಕೈ ವಾಸಿಯಾದ ಮೇಲೆ ಕರ್ಟನ್, ಶೆಲ್ಫ್, ಗೀಸರ್‌ಗಳ ಕೆಲಸವನ್ನು ನೀವೇ ಮಾಡಬಹುದು, ಚಾವಣಿಯನ್ನು ಮಾತ್ರ ಮುಟ್ಟಬೇಡಿ. ತಲೆಯ ಮೇಲೆ ಮೂರು ಕೆಜಿಯಷ್ಟು ತೂಕದ ಮಷಿನ್ ಎತ್ತಿ ಹಿಡಿದು ಏಣಿಯ ಮೇಲೆ ನಿಂತಾಗ ಬಿಟ್ ಕಚ್ಚಿಕೊಂಡರೆ, ತಿರುಚುವುದು ಮಣಿಕಟ್ಟೊಂದೇ ಅಲ್ಲ, ಮನುಷ್ಯನೇ ಕೆಳಗೆ ಬೀಳುತ್ತಾನೆ. ಮನೆಯ ಚಾವಣಿ ಸಾಮಾನ್ಯವಾಗಿ ಐದು ಇಂಚು ದಪ್ಪವಿದ್ದು, ಅದರ ಕಂಬಿಗಳು ಕೆಳಮೈಯಿಂದ ಕೇವಲ 20 ಎಂಎಂ ಒಳಗೆ ಇರುತ್ತವೆ. ಫ್ಯಾನು ಲೈಟುಗಳ ವೈರಿಂಗ್ ಪೈಪುಗಳೂ ಅದೇ ಕಾಂಕ್ರೀಟಿನಲ್ಲಿ ಹುದುಗಿರುತ್ತವೆ. ಪೋಸ್ಟ್ ಟೆನ್ಶನ್ ಚಾವಣಿ ಇರುವ ಅಪಾರ್ಟ್‌ಮೆಂಟ್ ಆಗಿದ್ದರೆ, ಒಳಗೆ ಬಿಗಿದಿರುವ ಉಕ್ಕಿನ ಕೇಬಲ್‌ಗೆ ಬಿಟ್ ತಾಗುವುದು ಕೊರೆಯುವವರಿಗೂ ಕಟ್ಟಡಕ್ಕೂ ಗಂಡಾಂತರ. ಉಯ್ಯಾಲೆಯ ಭಾರ ಫ್ಯಾನಿನಂತೆ ಸ್ಥಿರವಲ್ಲ, ಪ್ರತಿ ತೂಗಿಗೂ ಕೊಕ್ಕೆಯನ್ನು ಎಳೆದು ಬಿಟ್ಟು ಮಾಡುತ್ತದೆ, ಅಂಗಡಿಯಲ್ಲಿ ಸಿಗುವ ಅಗಲಿಸುವ ಕೊಕ್ಕೆ ಬೋಲ್ಟುಗಳು ಅಂಥ ಎಳೆತಕ್ಕೆ ನಿಧಾನವಾಗಿ ಸಡಿಲಗೊಳ್ಳುತ್ತವೆ. ಉಯ್ಯಾಲೆಯ ಕೊಕ್ಕೆಯನ್ನು ಮೋಲ್ಡ್ ಹಾಕುವಾಗಲೇ ಕಂಬಿಗೆ ಕಟ್ಟಿ ಬಿಟ್ಟಿರಬೇಕು. ಆ ಅವಕಾಶ ಕಳೆದಿರುವುದರಿಂದ, ಮನೆಯ ನಕ್ಷೆ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್ ಅವರಿಗೆ ಕಂಬಿಯ ಡ್ರಾಯಿಂಗ್ ತೋರಿಸಿ ಕೇಳಿ. ಬೀಮಿನಲ್ಲಿ ಕೆಮಿಕಲ್ ಆಂಕರ್ (ಗಟ್ಟಿಯಾಗುವ ಅಂಟು ತುಂಬಿ ಕೂರಿಸುವ ಬೋಲ್ಟ್) ಹಾಕಿಸುವುದೋ, ಚಾವಣಿಯ ಮೇಲ್ಗಡೆ ಪ್ಲೇಟ್ ಇಟ್ಟು ಬೋಲ್ಟ್ ಮಾಡಿಸುವುದೋ ಅವರು ನಿರ್ಧರಿಸಲಿ, ಅಟ್ಟಣಿಗೆ ಕಟ್ಟಿ ಕೆಲಸ ಮಾಡುವವರೇ ಅದನ್ನು ಮಾಡಲಿ. ಅವರು ಬೇಡವೆಂದರೆ, ನೆಲದ ಮೇಲೆ ನಿಲ್ಲುವ ಕಬ್ಬಿಣದ ಸ್ಟ್ಯಾಂಡಿನ ಉಯ್ಯಾಲೆಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ.